ಯಾರು ಮೊದಲು ಬಂದರೂ ಲೆಕ್ಕ ಒಂದೇ ಬರಬೇಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಮಕ್ಕಳೂ ಗದ್ದೆಯ ಹುಣಿಯಲ್ಲಿ, ತೋಡಿನ ಸಂಕದಲ್ಲಿ ನಡೆದು ಬಂದು ಕಲಿತ ಶಾಲೆ ಇದು. ಐವತ್ತು ವರ್ಷದಲ್ಲಿ ಇಲ್ಲಿಂದ ಕೃಷಿಕರು, ಶಿಕ್ಷಕರು, ಸೈನಿಕರು, ಬಸ್ಸಿನ ಚಾಲಕರು, ದಾದಿಯರು, ವ್ಯಾಪಾರಿಗಳು ಹೊರಟಿದ್ದಾರೆ. ಅವರೆಲ್ಲರ ಕೆಲಸ ಏನೆಂದು ಊರಿಗೆ ಗೊತ್ತು. ನನ್ನಂಥವರ ಕೆಲಸ ಮಾತ್ರ "ಬೆಂಗಳೂರಿನಲ್ಲಿ ಕಂಪ್ಯೂಟರ್" ಎಂಬ ಎರಡು ಶಬ್ದದಲ್ಲಿ ಮುಗಿಯುತ್ತದೆ. ಆ ಎರಡು ಶಬ್ದವನ್ನು ಸ್ವಲ್ಪ ಬಿಡಿಸಿ ಹೇಳಿ ಎಂದು ಸಮಿತಿಯವರು ಕೇಳಿದ್ದಾರೆ. ಆದಷ್ಟು ಸರಳವಾಗಿ ಹೇಳುತ್ತೇನೆ. ನಡುವೆ ಅರ್ಥವಾಗದೆ ಹೋದರೆ ಮಕ್ಕಳು ಕೈ ಎತ್ತಬಹುದು, ಹಿರಿಯರೂ ಎತ್ತಬಹುದು.

ಕಂಪ್ಯೂಟರ್ ಎಂದರೆ ಒಂದು ಯಂತ್ರವಲ್ಲ, ಹಲವು ಯಂತ್ರಗಳ ಕೂಡುಕುಟುಂಬ. ಕೀಬೋರ್ಡ್, ಪರದೆ, ಡಿಸ್ಕ್, ಕ್ಯಾಮೆರಾ, ವೈಫೈ ಎಲ್ಲವೂ ಅದರ ಸದಸ್ಯರು. ಮನೆಯ ಯಜಮಾನಿಕೆ ನಡೆಸುವುದು ಆಪರೇಟಿಂಗ್ ಸಿಸ್ಟಮ್. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳಿನಲ್ಲಿರುವ ಲಿನಕ್ಸ್ ಅಂಥದ್ದೊಂದು. ಆದರೆ ಈ ಯಜಮಾನನಿಗೆ ಎಲ್ಲ ಸದಸ್ಯರ ಭಾಷೆ ಬರುವುದಿಲ್ಲ. ಒಂದೊಂದು ಕಂಪನಿಯ ವೈಫೈ ಚಿಪ್ಪಿಗೆ ಒಂದೊಂದು ಭಾಷೆ. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯ ಹೆಸರು ಡಿವೈಸ್ ಡ್ರೈವರ್. ಡ್ರೈವರ್ ಎಂದ ಕೂಡಲೇ ಬಸ್ಸಿನವರನ್ನು ನೆನೆಯಬೇಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಗೆ ಹೋದರೆ ಕೊಂಕಣಿ, ಬ್ಯಾರಿ ಮಾತಾಡುವ ನಮ್ಮ ಕಡೆಯವರಿಗೆ ದುಭಾಷಿ ಎಂದರೇನೆಂದು ವಿವರಿಸಬೇಕಾಗಿಲ್ಲ. ನಾನು ಬರೆಯುವುದು, ಅದಕ್ಕಿಂತ ಹೆಚ್ಚಾಗಿ ರಿಪೇರಿ ಮಾಡುವುದು, ಈ ಡ್ರೈವರುಗಳನ್ನು. ಅದರಲ್ಲೂ ರೇಸ್ ಕಂಡೀಶನ್ ಎಂಬ ಒಂದು ಜಾತಿಯ ತಪ್ಪನ್ನು.

ಅದು ಏನೆಂದು ನೋಡೋಣ. ಒಂದು ಸಹಕಾರಿ ಸೊಸೈಟಿಗೆ ಗೊಬ್ಬರ ಬಂದಿದೆ ಎಂದುಕೊಳ್ಳಿ. ಗೋಡೆಯ ಹಲಗೆಯಲ್ಲಿ 10 ಚೀಲ ಉಳಿದಿದೆ ಎಂದು ಬರೆದಿದೆ. ಎರಡು ಕೌಂಟರು, ಇಬ್ಬರು ಗುಮಾಸ್ತರು. ಮೊದಲನೆಯವರು ಹಲಗೆ ನೋಡಿ 10 ಎಂದು ಮನಸ್ಸಿನಲ್ಲಿಟ್ಟುಕೊಂಡು ಒಂದು ಚೀಲ ಕೊಟ್ಟರು. ಅವರು ಎದ್ದು ಹಲಗೆ ತಿದ್ದುವ ಮೊದಲೇ ಎರಡನೆಯವರೂ ಹಲಗೆ ನೋಡಿದರು. ಅವರಿಗೂ ಕಂಡದ್ದು 10. ಅವರೂ ಒಂದು ಚೀಲ ಕೊಟ್ಟರು. ಮೊದಲನೆಯವರು ಹೋಗಿ 9 ಎಂದು ಬರೆದರು. ಎರಡನೆಯವರು ಹೋಗಿ ಅದನ್ನೇ ಒರಸಿ ಮತ್ತೆ 9 ಎಂದು ಬರೆದರು. ಹೊರಗೆ ಹೋದದ್ದು ಎರಡು ಚೀಲ, ಲೆಕ್ಕದಲ್ಲಿ ಕಡಿಮೆಯಾದದ್ದು ಒಂದು.

ಇಲ್ಲಿ ಕಳ್ಳರು ಯಾರೂ ಇಲ್ಲ. ಇಬ್ಬರಿಗೂ ಲೆಕ್ಕ ಬರುತ್ತದೆ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತೇ. ತಪ್ಪು ಇರುವುದು ಇವರಲ್ಲೂ ಅಲ್ಲ, ಅವರಲ್ಲೂ ಅಲ್ಲ, ಇಬ್ಬರ ನಡುವಿನ ಸಂದಿನಲ್ಲಿ. ಆಡಿಟರು ಬಂದು ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೆಲಸ ಮಾಡಿಸಿ ನೋಡಿದರೆ ಏನೂ ಸಿಗುವುದಿಲ್ಲ. ಜನ ಕಡಿಮೆಯಿದ್ದ ದಿನ ಲೆಕ್ಕ ಸರಿಯಾಗಿರುತ್ತದೆ, ನೂಕುನುಗ್ಗಲಿನ ದಿನ ಮಾತ್ರ ತಪ್ಪುತ್ತದೆ. ಅದೂ ಪ್ರತಿಸಲ ಅಲ್ಲ. ಕಂಪ್ಯೂಟರಿನ ಒಳಗೂ ಹೀಗೆಯೇ. ಒಂದು ಸಂಖ್ಯೆಯಿಂದ ಒಂದನ್ನು ಕಳೆಯುವುದು ನಮಗೆ ಒಂದೇ ಕೆಲಸವಾಗಿ ಕಂಡರೂ ಯಂತ್ರಕ್ಕೆ ಅದು ಮೂರು ಕೆಲಸ: ಓದುವುದು, ಕಳೆಯುವುದು, ಬರೆಯುವುದು. ಆ ಮೂರರ ನಡುವೆ ಇನ್ನೊಬ್ಬರು ನುಗ್ಗಿದರೆ ಲೆಕ್ಕ ಹೋಯಿತು.

ರೇಸ್ ಎಂದರೆ ಓಟ. ಓಟ ನಮಗೆ ಹೊಸತಲ್ಲ. ಹೊಕ್ಕಾಡಿಗೋಳಿಯ ವೀರ-ವಿಕ್ರಮ, ವೇಣೂರಿನ ಸೂರ್ಯ-ಚಂದ್ರ, ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳಗಳನ್ನು ನೋಡಿ ಬೆಳೆದವರು ನಾವು. ಅಲ್ಲಿ ಯಾವ ಜೋಡಿ ಮೊದಲು ಮುಟ್ಟುತ್ತದೆ ಎಂಬುದೇ ಫಲಿತಾಂಶ. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿದ್ದರೆ ಕಂಬಳ ನೋಡಲು ಯಾರೂ ಬರುವುದಿಲ್ಲ. ಆದರೆ ಸೊಸೈಟಿಯ ಹಲಗೆ ಕಂಬಳವಲ್ಲ. ಅಲ್ಲಿ ಯಾರು ಮೊದಲು ಬಂದರೂ ಕೊನೆಗೆ ಲೆಕ್ಕ ಒಂದೇ ಬರಬೇಕು. ಲೆಕ್ಕ ಬರಬೇಕಾದ ಜಾಗದಲ್ಲಿ ಓಟ ನಡೆದರೆ ಅದಕ್ಕೆ ರೇಸ್ ಕಂಡೀಶನ್ ಎನ್ನುತ್ತೇವೆ. ಮಕ್ಕಳು ಈ ಒಂದು ವಾಕ್ಯ ನೆನಪಿಟ್ಟುಕೊಂಡರೆ ಇವತ್ತಿನ ನನ್ನ ಪಾಠ ಮುಗಿದ ಹಾಗೆ.

ಈ ತಪ್ಪು ಡ್ರೈವರುಗಳಲ್ಲೇ ಏಕೆ ಹೆಚ್ಚು? ಮೂರು ಕಾರಣ ಇದೆ. ಒಂದು, ಈಗಿನ ಫೋನಿನಲ್ಲೂ ಎಂಟು ಪ್ರೊಸೆಸರ್ ಇರುವುದು ಸಾಮಾನ್ಯ. ಎಂಟು ಗುಮಾಸ್ತರು ಒಂದೇ ಹಲಗೆಗೆ ಕೈ ಹಾಕಬಹುದು. ಎರಡು, ಯಂತ್ರಗಳು ಹೇಳಿ ಕೇಳಿ ಬರುವುದಿಲ್ಲ. ಕಾವಲಿಗೆ ದೋಸೆ ಹೊಯ್ಯುತ್ತಿರುವಾಗಲೇ ಅಂಗಳದಿಂದ ಯಾರೋ ಕರೆದ ಹಾಗೆ, ಪ್ರೊಸೆಸರ್ ಒಂದು ಕೆಲಸದ ನಡುವೆ ಇರುವಾಗಲೇ ವೈಫೈ ಚಿಪ್ಪು "ಸಂದೇಶ ಬಂದಿದೆ" ಎಂದು ಕರೆಯುತ್ತದೆ. ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಪ್ರೊಸೆಸರ್ ದೋಸೆಯನ್ನು ಅರ್ಧಕ್ಕೆ ಬಿಟ್ಟು ಓಡಲೇಬೇಕು. ಮೂರು, ಯಂತ್ರಗಳು ಹೇಳದೆ ಹೋಗುತ್ತವೆ ಕೂಡ. ಪೆನ್‌ಡ್ರೈವನ್ನು ನಾವು ಎಷ್ಟು ಸಲ ಹಾಗೆಯೇ ಕಿತ್ತಿಲ್ಲ! ಡ್ರೈವರ್ ಇನ್ನೂ ಅದರೊಂದಿಗೆ ಮಾತಾಡುತ್ತಿರುವಾಗಲೇ ಅದು ಕಣ್ಮರೆಯಾಗಿರುತ್ತದೆ.

ಹೋಗಲಿ, ಫೋನು ಒಮ್ಮೆ ನಿಂತರೆ ಮತ್ತೆ ಚಾಲೂ ಮಾಡಿದರಾಯಿತು ಎನ್ನಬಹುದು. ಅದು ಬರೀ ಫೋನಿನ ಮಾತಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಎರಡು ನಿಜ ಸಂಗತಿ ಹೇಳುತ್ತೇನೆ.

ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಯಂತ್ರ ಇತ್ತು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವುದಕ್ಕೆ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ಆ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಅವರಲ್ಲಿ ಕೆಲವರು ತೀರಿಕೊಂಡರು. ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಎಂಬ ಊರಿನಲ್ಲಿ 1986ರಲ್ಲಿ ಎರಡು ಸಲ ಹೀಗಾಯಿತು. ಅಲ್ಲಿನ ಕಾರಣ ರೇಸ್ ಕಂಡೀಶನ್. ಯಂತ್ರ ನಡೆಸುವಾಕೆ ಒಂದು ಅಕ್ಷರ ತಪ್ಪಾಗಿ ಒತ್ತಿ, ಕೂಡಲೇ ಹಿಂದೆ ಹೋಗಿ ತಿದ್ದಿದರು. ಯಂತ್ರದ ಒಳಗಿನ ಅಯಸ್ಕಾಂತಗಳು ಸಜ್ಜಾಗುವುದಕ್ಕೆ ಸುಮಾರು 8 ಸೆಕೆಂಡು ಬೇಕು. ಆ 8 ಸೆಕೆಂಡಿನೊಳಗೆ ತಿದ್ದಿದರೆ ತಂತ್ರಾಂಶದ ಒಂದು ಭಾಗಕ್ಕೆ ತಿದ್ದಿದ್ದು ಗೊತ್ತಾಗುತ್ತಿತ್ತು, ಇನ್ನೊಂದು ಭಾಗಕ್ಕೆ ಗೊತ್ತಾಗುತ್ತಿರಲಿಲ್ಲ. ನಿಧಾನವಾಗಿ ಟೈಪ್ ಮಾಡುವವರ ಕೈಯಲ್ಲಿ ಯಂತ್ರ ಸರಿಯಾಗಿಯೇ ಇತ್ತು. ಕೆಲಸ ಪಳಗಿ ಕೈ ಚುರುಕಾದವರ ಕೈಯಲ್ಲೇ ತಪ್ಪು ಹೊರಬಿತ್ತು. ಕಂಪನಿಯವರಿಗೆ ಸಿಗದ ತಪ್ಪನ್ನು ಆ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುತ್ತಿದ್ದಾಕೆ ಇಬ್ಬರೂ ಕುಳಿತು, ಮತ್ತೆ ಮತ್ತೆ ವೇಗವಾಗಿ ಟೈಪ್ ಮಾಡಿ ಹಿಡಿದರು.

ಇನ್ನೊಂದು ಮಾತು ಅಲ್ಲಿಯೇ ಇದೆ. ಅದಕ್ಕಿಂತ ಹಿಂದಿನ ಥೆರಾಕ್-20ರ ತಂತ್ರಾಂಶದಲ್ಲೂ ಇದೇ ತಪ್ಪು ಇತ್ತು. ಆದರೆ ಅದರಲ್ಲಿ ಅಪಾಯ ತಡೆಯುವ ಪ್ರತ್ಯೇಕ ಯಾಂತ್ರಿಕ ಕಾವಲು ಇದ್ದುದರಿಂದ ಫ್ಯೂಸ್ ಹೋಗುತ್ತಿತ್ತೇ ಹೊರತು ರೋಗಿಗೆ ಏನೂ ಆಗುತ್ತಿರಲಿಲ್ಲ. ಹೊಸ ಯಂತ್ರದಲ್ಲಿ ತಂತ್ರಾಂಶವನ್ನೇ ನಂಬಿ ಆ ಕಾವಲನ್ನು ತೆಗೆದಿದ್ದರು.

ಎರಡನೆಯದು 2003ರ ಆಗಸ್ಟ್ 14ರದ್ದು. ಅಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರ ಮನೆಯ ವಿದ್ಯುತ್ ಹೋಯಿತು. ಮರದ ಗೆಲ್ಲಿಗೆ ತಂತಿ ತಾಗಿ ಲೈನ್ ಟ್ರಿಪ್ ಆಗುವುದು ನಮ್ಮ ಮಳೆಗಾಲದಲ್ಲಿ ಮಾಮೂಲು. ಅಲ್ಲಿಯೂ ಓಹಿಯೊ ರಾಜ್ಯದಲ್ಲಿ ಆರಂಭವಾದದ್ದು ಹಾಗೆಯೇ. ಆದರೆ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡಬೇಕಾದ ತಂತ್ರಾಂಶ ಅದಕ್ಕೂ ಮೊದಲೇ ಸದ್ದಿಲ್ಲದೆ ನಿಂತುಹೋಗಿತ್ತು. ಎರಡು ಕೆಲಸಗಳು ಒಂದೇ ಮಾಹಿತಿಯನ್ನು ಒಟ್ಟಿಗೆ ಬರೆಯಲು ಹೋಗಿ ಅದು ಗಿರಕಿ ಹೊಡೆಯುತ್ತಾ ಉಳಿಯಿತು. ಗಂಟೆಗೂ ಹೆಚ್ಚು ಕಾಲ ಅಲ್ಲಿದ್ದವರಿಗೆ ಎಲ್ಲವೂ ಸರಿಯಿದೆ ಎಂದೇ ಕಾಣುತ್ತಿತ್ತು. ಕಾವಲುನಾಯಿ ಬೊಗಳಲಿಲ್ಲ ಎಂದ ಮಾತ್ರಕ್ಕೆ ಕಳ್ಳ ಬರಲಿಲ್ಲ ಎಂದಲ್ಲ.

ಇನ್ನು ಇದನ್ನು ಸರಿಪಡಿಸುವ ಬಗೆ. ಮೊದಲ ಉಪಾಯ ಬೀಗ. ಬಂಟ್ವಾಳ ನಿಲ್ದಾಣದಿಂದ ಪುತ್ತೂರು, ಸುಬ್ರಹ್ಮಣ್ಯ ರೋಡ್ ದಾಟಿ ಹಾಸನಕ್ಕೆ ಹೋಗುವ ರೈಲುಹಳಿ ಒಂಟಿ ಹಳಿ. ಅತ್ತಣಿಂದ ಒಂದು, ಇತ್ತಣಿಂದ ಒಂದು ರೈಲು ಬಂದರೆ ಏನು ಗತಿ? ಭಾರತದ ಒಂಟಿ ಹಳಿಗಳಲ್ಲಿ ಇದಕ್ಕೆ ಬಹುಕಾಲ ನಡೆದುಬಂದ ಪದ್ಧತಿ ಟೋಕನ್. ಎರಡು ನಿಲ್ದಾಣಗಳಲ್ಲೂ ಒಂದೊಂದು ಯಂತ್ರ, ಒಳಗೆ ಲೋಹದ ಚೆಂಡುಗಳು. ಎರಡು ಯಂತ್ರಗಳಿಗೂ ತಂತಿಯ ಸಂಬಂಧ. ಎರಡರಿಂದಲೂ ಸೇರಿ ಒಂದು ಸಲಕ್ಕೆ ಒಂದೇ ಚೆಂಡು ಹೊರಬರುತ್ತದೆ. ಚೆಂಡು ಕೈಯಲ್ಲಿರುವ ಚಾಲಕನಿಗೆ ಮಾತ್ರ ಮುಂದಿನ ನಿಲ್ದಾಣದವರೆಗೆ ಹಳಿ. ಅಲ್ಲಿ ಚೆಂಡನ್ನು ಯಂತ್ರಕ್ಕೆ ಮರಳಿಸಿದ ಮೇಲಷ್ಟೇ ಇನ್ನೊಂದು ಹೊರಬರುವುದು. ಕಂಪ್ಯೂಟರಿನ ಲಾಕ್ ಎಂದರೆ ಆ ಚೆಂಡು. ಗುಮಾಸ್ತರು ಹಲಗೆ ನೋಡುವ ಮೊದಲು ಚೆಂಡು ತೆಗೆದುಕೊಳ್ಳಬೇಕು, ಬರೆದು ಮುಗಿಸಿದ ಮೇಲೆ ಇಡಬೇಕು.

ಕೇಳಲಿಕ್ಕೆ ಸುಲಭ. ಆದರೆ ಎಷ್ಟು ಚೆಂಡು ಇರಬೇಕು? 1996ರಲ್ಲಿ ಲಿನಕ್ಸ್ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳ ಮೇಲೆ ಓಡಲು ಆರಂಭಿಸಿದಾಗ ಇಡೀ ತಿರುಳಿಗೆ ಒಂದೇ ದೊಡ್ಡ ಬೀಗ ಇತ್ತು. ಇಡೀ ಶಾಲೆಗೆ ಒಂದೇ ಕೀಲಿಕೈ ಇದ್ದ ಹಾಗೆ. ಒಬ್ಬರು ಪ್ರಯೋಗಾಲಯದಲ್ಲಿದ್ದರೆ ಇನ್ನೊಬ್ಬರು ಗ್ರಂಥಾಲಯದ ಬಾಗಿಲಲ್ಲಿ ಕಾಯಬೇಕು. ಸುರಕ್ಷಿತ, ಆದರೆ ಕೆಲಸ ಸಾಗದು. ಕೋಣೆಗೊಂದು ಬೀಗ ಮಾಡುತ್ತಾ ಹೋದರು. ಆ ದೊಡ್ಡ ಬೀಗವನ್ನು ಪೂರ್ತಿ ಕಿತ್ತುಹಾಕಿದ್ದು 2011ರಲ್ಲಿ. ಹದಿನೈದು ವರ್ಷ ಹಿಡಿಯಿತು. ಹಳೆಯ ಡ್ರೈವರುಗಳನ್ನು ಒಂದೊಂದಾಗಿ ತೆರೆದು, ಇದು ಆ ದೊಡ್ಡ ಬೀಗವನ್ನು ನಂಬಿಕೊಂಡಿದೆಯೇ, ಇಲ್ಲವೇ ಎಂದು ಓದಿ ನೋಡಬೇಕಿತ್ತು. ಅಂಥ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ.

ಬೀಗದಲ್ಲೂ ಎರಡು ಬಗೆ ಇದೆ. ಒಂದರಲ್ಲಿ, ಕೀಲಿಕೈ ಸಿಗುವವರೆಗೆ ಬೆಂಚಿನ ಮೇಲೆ ಮಲಗಿ ಕಾಯಬಹುದು. ಅದು ಮ್ಯೂಟೆಕ್ಸ್. ಇನ್ನೊಂದರಲ್ಲಿ ಬಾಗಿಲ ಬಳಿಯೇ ನಿಂತು "ಆಯಿತಾ, ಆಯಿತಾ" ಎಂದು ಕೇಳುತ್ತಲೇ ಇರಬೇಕು. ಅದು ಸ್ಪಿನ್ ಲಾಕ್. ಇಂಟರಪ್ಟಿಗೆ ಓಡಿದವನು ಮಲಗುವಂತಿಲ್ಲ, ಆದ್ದರಿಂದ ಅಲ್ಲಿ ಸ್ಪಿನ್ ಲಾಕೇ ಆಗಬೇಕು. ಅದರಲ್ಲೂ ಒಂದು ಹೊಂಡ ಇದೆ. ಪ್ರೊಸೆಸರ್ ಬೀಗ ಹಾಕಿ ಕೋಣೆಯೊಳಗೆ ಕೆಲಸ ಮಾಡುತ್ತಿರುವಾಗಲೇ ಇಂಟರಪ್ಟ್ ಕರೆಯಿತು, ಅದೇ ಪ್ರೊಸೆಸರ್ ಕೆಲಸ ಬಿಟ್ಟು ಓಡಿತು, ಅಲ್ಲಿ ಬೇಕಾದದ್ದು ಅದೇ ಬೀಗ. ತಾನೇ ಹಾಕಿದ ಬೀಗದ ಮುಂದೆ ತಾನೇ ನಿಂತು "ಆಯಿತಾ" ಎಂದು ಕೇಳುತ್ತಾ ಕೊನೆಯವರೆಗೂ ನಿಲ್ಲುತ್ತದೆ. ಪರಿಹಾರ ಇಷ್ಟೇ: ಅಂಥ ಬೀಗ ಹಾಕುವ ಮೊದಲು ಆ ಪ್ರೊಸೆಸರಿನ ಕರೆಗಂಟೆಯನ್ನು ಸ್ವಲ್ಪ ಹೊತ್ತು ಬಂದ್ ಮಾಡಬೇಕು. ಆ "ಸ್ವಲ್ಪ ಹೊತ್ತು" ನಿಜವಾಗಿಯೂ ಸ್ವಲ್ಪವೇ ಆಗಿರಬೇಕು.

ಎರಡು ಬೀಗ ಬೇಕಾದಲ್ಲಿ ಇನ್ನೊಂದು ಫಜೀತಿ. ಹಲಸಿನಕಾಯಿ ಇಳಿಸಲು ಏಣಿಯೂ ಬೇಕು, ಹಗ್ಗವೂ ಬೇಕು. ಮನೆಯಲ್ಲಿ ಒಂದೇ ಏಣಿ, ಒಂದೇ ಹಗ್ಗ. ಅಣ್ಣ ಏಣಿ ಹಿಡಿದು ಹಗ್ಗಕ್ಕೆ ಕಾಯುತ್ತಾನೆ, ತಮ್ಮ ಹಗ್ಗ ಹಿಡಿದು ಏಣಿಗೆ ಕಾಯುತ್ತಾನೆ. ಇಬ್ಬರೂ ಬಿಡುವವರಲ್ಲ. ಹಲಸು ಮರದಲ್ಲೇ ಹಣ್ಣಾಗಿ ಬೀಳುತ್ತದೆ. ಇದಕ್ಕೆ ಡೆಡ್‌ಲಾಕ್ ಎಂದು ಹೆಸರು. ಮನೆಯ ಹಿರಿಯರು ಒಂದು ನಿಯಮ ಮಾಡಿದರೆ ಸಾಕು: ಯಾರೇ ಆಗಲಿ ಮೊದಲು ಏಣಿ, ಆಮೇಲೆ ಹಗ್ಗ. ಏಣಿ ಸಿಗದವನು ಹಗ್ಗ ಮುಟ್ಟಬಾರದು.

ಇದಕ್ಕೆ ನಮ್ಮವರೊಬ್ಬರು ಮಾಡಿದ ಕೆಲಸದ ಉದಾಹರಣೆ ಇದೆ. ಲಿನಕ್ಸಿನಲ್ಲಿ ಪ್ರೊಸೆಸರುಗಳನ್ನು ನಡುವೆಯೇ ಕೆಲಸಕ್ಕೆ ಸೇರಿಸಬಹುದು, ರಜೆಗೂ ಕಳುಹಿಸಬಹುದು. ಅದರ ಸುದ್ದಿ ಕೆಲವು ಡ್ರೈವರುಗಳಿಗೆ ಮುಟ್ಟಬೇಕು. ತರಗತಿಯಲ್ಲಿ ಟೀಚರು ಹಾಜರಿ ಕರೆದು ಮುಗಿಸಿ, ಆಮೇಲೆ ಜವಾನರಿಗೆ "ತಡವಾಗಿ ಬಂದವರನ್ನು ನನಗೆ ತಿಳಿಸಿ" ಎಂದು ಹೇಳಿದರು ಎಂದುಕೊಳ್ಳಿ. ಹಾಜರಿ ಮುಗಿದು ಜವಾನರಿಗೆ ಹೇಳುವುದರ ನಡುವೆ ಬಂದ ಹುಡುಗ ಎರಡು ಲೆಕ್ಕದಲ್ಲೂ ಇಲ್ಲ. ಅದನ್ನು ತಪ್ಪಿಸಲು ಗೇಟಿಗೆ ಬೀಗ ಹಾಕಿ ಹಾಜರಿ ಕರೆದರೆ, ಜವಾನರ ಬಳಿ ಇರುವ ಇನ್ನೊಂದು ಬೀಗದೊಂದಿಗೆ ಏಣಿ-ಹಗ್ಗದ ಜಗಳ. ಈ ಮಾದರಿ ಲಿನಕ್ಸಿನ ಹಲವಾರು ಭಾಗಗಳಲ್ಲಿ, ಡ್ರೈವರುಗಳಲ್ಲಿ ಹರಡಿಕೊಂಡಿತ್ತು. 2014ರಲ್ಲಿ ಐಬಿಎಂ ಲಿನಕ್ಸ್ ತಂಡದಲ್ಲಿದ್ದ ಶ್ರೀವತ್ಸ ಭಟ್ ಅವರು ಹಾಜರಿ ಮತ್ತು ಜವಾನರ ಸೂಚನೆ ಎರಡಕ್ಕೂ ಒಂದೇ ಬೀಗ ಸಾಕಾಗುವ ಕ್ರಮ ಮಾಡಿಕೊಟ್ಟರು. ಅಷ್ಟಕ್ಕೇ ಬಿಡದೆ, ತಪ್ಪು ಇದ್ದ ಕಡೆಗಳನ್ನೆಲ್ಲ ಹುಡುಕಿ ಒಂದೊಂದನ್ನೂ ತಿದ್ದಿ, ಸರಿಯಾದ ಕ್ರಮವನ್ನು ಕೈಪಿಡಿಯಲ್ಲೂ ಬರೆದಿಟ್ಟರು.

ಬೀಗವೇ ಬೇಡವೆನ್ನುವ ಉಪಾಯವೂ ಇದೆ. ಶಾಲೆಯ ಫಲಕದಲ್ಲಿ ವೇಳಾಪಟ್ಟಿ ಇದೆ. ನೂರು ಮಕ್ಕಳು ಓದುತ್ತಾರೆ, ಬದಲಾಗುವುದು ಅಪರೂಪ. ಓದುವವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸುವ ಬದಲು, ಹೊಸ ಪಟ್ಟಿಯನ್ನು ಕೋಣೆಯಲ್ಲೇ ಪೂರ್ತಿ ಬರೆದು ತಂದು ಒಮ್ಮೆಗೇ ಅಂಟಿಸುವುದು. ಹಳೆಯದನ್ನು ಓದುತ್ತಿದ್ದವರು ಓದಿ ಮುಗಿಸಲಿ, ಅವರೆಲ್ಲ ಹೋದ ಮೇಲೆ ಹಳೆಯದನ್ನು ಹರಿದುಹಾಕುವುದು. ಅರ್ಧ ಹಳೆಯದು ಅರ್ಧ ಹೊಸದು ಯಾರಿಗೂ ಕಾಣುವುದಿಲ್ಲ. ಇದಕ್ಕೆ ಆರ್‌ಸಿಯು ಎಂದು ಹೆಸರು. ಅಮೆರಿಕದ ಪಾಲ್ ಮೆಕೆನ್ನಿ ಇದರ ಬಗ್ಗೆ ಬಹಳ ಕೆಲಸ ಮಾಡಿದವರು. 2002ರಲ್ಲಿ ಅದು ಲಿನಕ್ಸಿಗೆ ಸೇರಿದಾಗ ಅದರ ಹಿಂದೆ ಬೆಂಗಳೂರಿನ ಐಬಿಎಂ ಪ್ರಯೋಗಾಲಯದ ದೀಪಂಕರ್ ಶರ್ಮಾ ಅವರ ದುಡಿಮೆ ಇತ್ತು. ಇಂದು ಜಗತ್ತಿನ ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಅದು ಓಡುತ್ತಿದೆ.

ಇನ್ನು ಪೆನ್‌ಡ್ರೈವ್ ಕೀಳುವ ಸಮಸ್ಯೆ. ಇದಕ್ಕೆ ಮದುವೆ ಚಪ್ಪರದ ಕ್ರಮವೇ ಪಾಠ. ಪಂಕ್ತಿಯಲ್ಲಿ ಜನ ಊಟ ಮಾಡುತ್ತಿರುವಾಗ ಕಂಬ ಕೀಳುವುದಿಲ್ಲ. ಮೊದಲು ಹೊಸಬರನ್ನು ಒಳಗೆ ಬಿಡುವುದು ನಿಲ್ಲಿಸಬೇಕು. ಆಮೇಲೆ ಬಡಿಸುವವರಿಗೆ ಹೇಳಬೇಕು. ಕೂತವರ ಊಟ ಮುಗಿಯುವವರೆಗೆ ಕಾಯಬೇಕು. ಆಮೇಲೆ ದೀಪ, ಆಮೇಲೆ ಶಾಮಿಯಾನ, ಕೊನೆಗೆ ಕಂಬ. ಡ್ರೈವರಿನಲ್ಲೂ ಹಾಗೆ: ಹೊಸ ಕೋರಿಕೆ ನಿಲ್ಲಿಸು, ಇಂಟರಪ್ಟ್ ನಿಲ್ಲಿಸು, ಗಡಿಯಾರದ ಕೆಲಸಗಳು ಮುಗಿಯುವವರೆಗೆ ಕಾಯು, ಎಲ್ಲ ಮುಗಿದ ಮೇಲೆ ಮೆಮೊರಿ ಬಿಟ್ಟುಕೊಡು. ನಾನು ನೋಡಿದ ಅರ್ಧಕ್ಕರ್ಧ ತಪ್ಪುಗಳು ಈ ಕ್ರಮ ಹಿಂದುಮುಂದಾದದ್ದರಿಂದಲೇ ಆದವು.

ಒಂದು ಪ್ರಸಂಗ ಹೇಳುತ್ತೇನೆ. ನಾನಿದ್ದ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಒಂದು ಆಗಾಗ ಇಡೀ ಯಂತ್ರವನ್ನೇ ಕೆಡವುತ್ತಿತ್ತು. ಗಿರಾಕಿಯ ಕಡೆ ಮಾತ್ರ, ನಮ್ಮ ಲ್ಯಾಬಿನಲ್ಲಿ ಇಲ್ಲ. ಏನಾಗುತ್ತಿದೆ ಎಂದು ನೋಡಲು ನಡುನಡುವೆ ಸಂದೇಶ ಬರೆಯುವ ಸಾಲು ಸೇರಿಸಿದರೆ ತಪ್ಪು ಮಾಯ. ತೋಟಕ್ಕೆ ಹಂದಿ ಬರುವುದು ಹೌದು, ಟಾರ್ಚ್ ಹಿಡಿದು ಹೋದ ರಾತ್ರಿ ಬರುವುದಿಲ್ಲ. ಸಂದೇಶ ಬರೆಯಲು ಹಿಡಿಯುವ ಚೂರು ಹೊತ್ತೇ ಓಟದ ಫಲಿತಾಂಶವನ್ನು ಬದಲಿಸುತ್ತಿತ್ತು. ಆಗ ಮೇಲಿನವರಿಂದ ಸಲಹೆ ಬಂತು: ಆ ಜಾಗದಲ್ಲಿ ಒಂದಿಷ್ಟು ಮಿಲಿಸೆಕೆಂಡು ಸುಮ್ಮನೆ ಕಾಯುವಂತೆ ಬರೆದುಬಿಡಿ, ಗಿರಾಕಿಯ ಗಲಾಟೆ ನಿಲ್ಲುತ್ತದೆ.

ನಮ್ಮ ತಂಡದ ಒಬ್ಬ ಹುಡುಗಿ, ಆಗಷ್ಟೇ ಕೆಲಸಕ್ಕೆ ಸೇರಿದವಳು, ಒಪ್ಪಲಿಲ್ಲ. ಕಾಯಿಸಿದರೆ ತಪ್ಪು ಹೋಗುವುದಿಲ್ಲ, ಅಪರೂಪವಾಗುತ್ತದೆ, ಅಪರೂಪವಾದ ತಪ್ಪು ಇನ್ನೂ ಕೆಟ್ಟದ್ದು ಎಂದಳು. ಒಂದು ಬಿಳಿ ಹಾಳೆ ತೆಗೆದು ನಡುವೆ ಗೆರೆ ಎಳೆದಳು. ಎಡಕ್ಕೆ ಒಂದು ಪ್ರೊಸೆಸರ್ ಮಾಡುವ ಕೆಲಸ ಸಾಲಾಗಿ, ಬಲಕ್ಕೆ ಇನ್ನೊಂದರದ್ದು. ಎಡದ ಪ್ರತಿಯೊಂದು ಸಾಲಿನ ಬಳಿ ನಿಂತು, "ಈಗ ಬಲದವನು ಬಂದರೆ?" ಎಂದು ಕೇಳುತ್ತಾ ಹೋದಳು. ಎರಡು ದಿನ ಅದೇ ಕೆಲಸ. ಏಳನೆಯ ಹಾಳೆಯಲ್ಲಿ ಸಿಕ್ಕಿತು. ಕೇಬಲ್ ಕಿತ್ತ ಕ್ಷಣದಲ್ಲೇ ಕೊನೆಯ ಸಂದೇಶ ಬಂದರೆ, ಕಂಬ ಕಿತ್ತ ಚಪ್ಪರದಲ್ಲಿ ಒಬ್ಬನು ಊಟಕ್ಕೆ ಕುಳಿತಿರುತ್ತಿದ್ದ. ಮೂರು ಸಾಲುಗಳ ಕ್ರಮ ಬದಲಿಸಿದೆವು. ಅಷ್ಟೇ. ಆ ಡ್ರೈವರ್ ಮತ್ತೆ ಬೀಳಲಿಲ್ಲ. ಆಕೆ ಬಳಸಿದ್ದು ಕಾಗದ, ಪೆನ್ಸಿಲು ಮತ್ತು ತಾಳ್ಮೆ. ಈ ಮೂರೂ ನಮ್ಮ ಶಾಲೆಯಲ್ಲಿ ಇವೆ.

ಈಗ ಸಹಾಯಕ್ಕೆ ಉಪಕರಣಗಳೂ ಇವೆ. 2006ರಲ್ಲಿ ಲಿನಕ್ಸಿಗೆ ಬಂದ ಲಾಕ್‌ಡೆಪ್ ಎಂಬುದು ಬೀಗ ಹಾಕುವ ಕ್ರಮವನ್ನು ಗಮನಿಸುತ್ತಾ, ಏಣಿ-ಹಗ್ಗದ ಜಗಳ ನಡೆಯುವ ಮೊದಲೇ ಎಚ್ಚರಿಸುತ್ತದೆ. 2020ರಲ್ಲಿ ಬಂದ ಕೆಸಿಸ್ಯಾನ್ ಎಂಬುದು ಬೇಕೆಂದೇ ನಡುವೆ ನಿಲ್ಲಿಸಿ, ಬೀಗವಿಲ್ಲದೆ ಹಲಗೆಗೆ ಕೈ ಹಾಕುವವರನ್ನು ಹಿಡಿಯುತ್ತದೆ. ಆದರೂ ತಪ್ಪು ಎಷ್ಟು ಕಾಲ ಅಡಗಿರಬಹುದು ನೋಡಿ. 2016ರ ಅಕ್ಟೋಬರಿನಲ್ಲಿ ಡರ್ಟಿ ಕೌ ಎಂಬ ಹೆಸರಿನ ರೇಸ್ ಕಂಡೀಶನ್ ಬಯಲಾಯಿತು. ಅದು ಡ್ರೈವರಿನದ್ದಲ್ಲ, ಮೆಮೊರಿ ನೋಡಿಕೊಳ್ಳುವ ಭಾಗದ್ದು. ಅದನ್ನು ಬಳಸಿ ಸಾಮಾನ್ಯ ಬಳಕೆದಾರ ಯಂತ್ರದ ಯಜಮಾನನೇ ಆಗಬಹುದಿತ್ತು. 2007ರಿಂದ ಅದು ಅಲ್ಲಿಯೇ ಇತ್ತು. ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್, ಹನ್ನೊಂದು ವರ್ಷ ಹಿಂದೆ ಇದನ್ನು ತಾನೇ ಒಮ್ಮೆ ಸರಿಪಡಿಸಲು ನೋಡಿದ್ದೆ, ಅದು ಸರಿಯಾಗಿರಲಿಲ್ಲ ಎಂದು ತಿದ್ದುಪಡಿಯ ಜೊತೆಗೇ ಎಲ್ಲರಿಗೂ ಕಾಣುವಂತೆ ಬರೆದರು. ದೊಡ್ಡವರು ಹಾಗೆ ಬರೆದಾಗ ಚಿಕ್ಕವರಿಗೆ ತಮ್ಮ ತಪ್ಪು ಹೇಳಲು ಧೈರ್ಯ ಬರುತ್ತದೆ.

ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಮಂಗಳೂರಿನ ಆಸ್ಪತ್ರೆಯಲ್ಲಿ ನಮ್ಮವರ ಹಾಸಿಗೆಯ ಪಕ್ಕದಲ್ಲಿರುವ ಯಂತ್ರ, ಬ್ಯಾಂಕಿನ ಎಟಿಎಂ, ಬಸ್ಸಿನ ಟಿಕೇಟು ಯಂತ್ರ, ಎಲ್ಲದರಲ್ಲೂ ಡ್ರೈವರುಗಳಿವೆ. ಅವುಗಳನ್ನು ಸರಿಯಾಗಿ ಇಡುವವರು ಯಾರಾದರೂ ಬೇಕು. ಅದು ನಮ್ಮ ಶಾಲೆಯ ಮಕ್ಕಳಿಂದ ಆಗದು ಎಂದು ತಂದೆತಾಯಂದಿರು ತಿಳಿದುಕೊಂಡಿರುವುದೇ ನನಗೆ ನೋವಿನ ಸಂಗತಿ. ಕನ್ನಡ ಮಾಧ್ಯಮದಲ್ಲಿ ಓದಿದರೆ ಕಂಪ್ಯೂಟರ್ ಬಾರದು ಎಂದು ಹೇಳಿ ಮಕ್ಕಳನ್ನು ಬೇರೆ ಕಡೆ ಕಳುಹಿಸುತ್ತಾರೆ, ಇಲ್ಲಿ ಬೆಂಚುಗಳು ಖಾಲಿಯಾಗುತ್ತವೆ. ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಿದ್ದುಪಡಿಯ ವಿವರಣೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಆದರೆ "ಈಗ ಬಲದವನು ಬಂದರೆ?" ಎಂಬ ಪ್ರಶ್ನೆ ಹುಟ್ಟುವುದು ಯಾವ ಭಾಷೆಯಲ್ಲಾದರೂ ಆಗುತ್ತದೆ. ರೇಖಾಗಣಿತದ ಪ್ರಮೇಯ ಬಿಡಿಸುವಾಗ "ಯಾಕೆ ಎಂದು ಬರಿ, ಉತ್ತರ ಮಾತ್ರ ಬರೆದರೆ ಅಂಕ ಇಲ್ಲ" ಎನ್ನುತ್ತಿದ್ದ ಇಲ್ಲಿನ ಗುರುಗಳಿಂದ ನಾನು ಕಲಿತದ್ದು ಅದನ್ನೇ. ಇವತ್ತು ಲಿನಕ್ಸಿಗೆ ತಿದ್ದುಪಡಿ ಕಳುಹಿಸಿದರೂ ಮೊದಲು ಕೇ­ಳುವುದು ಅದೇ: ಏನು ಬದಲಿಸಿದ್ದೀರಿ ಎಂದಲ್ಲ, ಯಾಕೆ ಬದಲಿಸಿದ್ದೀರಿ ಎಂದು.

ಇನ್ನೊಂದು ಸಂತೋಷದ ವಿಷಯ. ಲಿನಕ್ಸಿನ ಒಳಗಿನ ಬರವಣಿಗೆ ಪೂರ್ತಿ ತೆರೆದಿದೆ. ಹಣ ಕೊಡಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಡ. ಅದರಲ್ಲಿ ಸ್ಟೇಜಿಂಗ್ ಎಂಬ ವಿಭಾಗ ಇದೆ, ಇನ್ನೂ ಹದಕ್ಕೆ ಬಾರದ ಡ್ರೈವರುಗಳನ್ನು ಇಡುವ ಜಾಗ. ಹೊಸಬರು ಅಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡುತ್ತಾ ಕಲಿಯಬಹುದು. ವೇಣೂರಿನಲ್ಲಿ ಕುಳಿತು ಕಳುಹಿಸಿದರೂ ವಿದೇಶದಿಂದ ಕಳುಹಿಸಿದರೂ ಅದನ್ನು ಓದುವವರು ಒಂದೇ ಕಣ್ಣಿನಲ್ಲಿ ಓದುತ್ತಾರೆ.

ಹಳೆ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬಿನ್ನಹ. ಕಟ್ಟಡಕ್ಕೆ, ರಂಗಮಂದಿರಕ್ಕೆ ನೀವೆಲ್ಲ ಕೈಬಿಚ್ಚಿ ಕೊಟ್ಟಿದ್ದೀರಿ. ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ ಬದಿಗೆ ಸರಿಸಿದ ಲ್ಯಾಪ್‌ಟಾಪುಗಳಿದ್ದರೆ ಅವನ್ನೂ ಕೊಡಿ. ಹಳೆಯ ಯಂತ್ರದಲ್ಲೂ ಲಿನಕ್ಸ್ ಚೆನ್ನಾಗಿ ಓಡುತ್ತದೆ. ಅವನ್ನು ಸಜ್ಜು ಮಾಡಿಕೊಡುವ ಹೊಣೆ ನನ್ನದು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಬಂದು ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳ ಜೊತೆ ಕೂರುತ್ತೇನೆ ಎಂದು ಮುಖ್ಯೋಪಾಧ್ಯಾಯರಿಗೆ ಮಾತು ಕೊಟ್ಟಿದ್ದೇನೆ. ಬೆಂಗಳೂರಿನಲ್ಲಿರುವ ಇನ್ನು ಮೂವರು ನಾಲ್ವರು ಸೇರಿದರೆ ತಿಂಗಳಿಗೆ ನಾಲ್ಕು ಶನಿವಾರವೂ ಆದೀತು. ಹೆಸರು ಕೊಡುವವರು ಇವತ್ತು ಊಟಕ್ಕೆ ಮೊದಲು ಕಚೇರಿಯಲ್ಲಿರುವ ಪುಸ್ತಕದಲ್ಲಿ ಬರೆಯಿರಿ. ಪುಸ್ತಕ ಒಂದೇ ಇದೆ, ಒಬ್ಬರಾದ ಮೇಲೆ ಒಬ್ಬರು ಬರೆಯಿರಿ, ಲೆಕ್ಕ ತಪ್ಪದಿರಲಿ!